ಬಿದ್ದು ತಲೆ ಸುತ್ತಿತೋ, ತಲೆ ಸುತ್ತಿ ಬಿದ್ದರೋ? – ವಿಮೆಯ ಹೊರತು ಷರತ್ತುಗಳೂ ನಮ್ಮ ಗಾಯದ ಕ್ಲೇಮುಗಳೂ



ಸಮ್ಮೇಳನದ ಪ್ರಧಾನ ಭಾಷಣ ಎಂದರೆ ಭಾಷೆ, ಸಾಹಿತ್ಯ, ಸಂಸ್ಕೃತಿಯ ಮಾತು ಇರಬೇಕೆಂದು ನೀವು ನಿರೀಕ್ಷಿಸಿರುತ್ತೀರಿ. ನನ್ನದು ವಿಮೆ ಪಾಲಿಸಿಯ ಒಣ ವಿಷಯ. ಸಂಘದ ಗೆಳೆಯರೇ ಹೇಳಿದರು, "ಊಟಕ್ಕೆ ಮೊದಲೇ ಮಾತಾಡಿಬಿಡಿ, ಊಟ ಆದಮೇಲೆ ಈ ವಿಷಯಕ್ಕೆ ಯಾರೂ ಎಚ್ಚರ ಇರೋದಿಲ್ಲ" ಅಂತ. ಆದರೆ ನಾನು ಹೇಳಬೇಕಾದ್ದು ಕೊನೆಗೆ ಕನ್ನಡ ಭಾಷೆಯ ಬಗ್ಗೆಯೇ. ಒಂದು ವಾಕ್ಯದಲ್ಲಿ ಎರಡು ಕ್ರಿಯಾಪದಗಳು ಹಿಂದುಮುಂದಾದರೆ ಒಂದು ಮನೆಯ ಉಳಿತಾಯವೆಲ್ಲ ಹೇಗೆ ಅಲುಗಾಡುತ್ತದೆ ಎಂಬುದರ ಬಗ್ಗೆ.

ಈ ಮಾತಿಗೆ ನಾರ್ತ್ ಸಿಡ್ನಿಗಿಂತ ಸರಿಯಾದ ಜಾಗ ಇಲ್ಲ. ಇದು ವಿಮೆಯ ಊರು. ಮಿಲ್ಲರ್ ಸ್ಟ್ರೀಟಿನ ಎಂಎಲ್‌ಸಿ ಕಟ್ಟಡ 1957ರಲ್ಲಿ ಎದ್ದದ್ದೇ ಒಂದು ಜೀವ ವಿಮಾ ಕಂಪನಿಗಾಗಿ. 2024ರ ಆಗಸ್ಟ್‌ನಲ್ಲಿ ವಿಕ್ಟೋರಿಯಾ ಕ್ರಾಸ್ ಮೆಟ್ರೋ ನಿಲ್ದಾಣ ತೆರೆದ ಮೇಲೆ ಬೆಳಿಗ್ಗೆ ಇಲ್ಲಿ ಎಸ್ಕಲೇಟರ್ ಹತ್ತಿ ಬರುವವರಲ್ಲಿ ಎಷ್ಟೋ ಮಂದಿ ವಿಮೆಯ ಕಚೇರಿಗಳಿಗೇ ಹೋಗುವವರು. ಅವರಲ್ಲಿ ನಾನೂ ಒಬ್ಬ. 11 ವರ್ಷಗಳಿಂದ ಕ್ಲೇಮ್ ವಿಭಾಗದಲ್ಲಿ ಕೆಲಸ. ನಾನು ವಕೀಲನಲ್ಲ, ಇವತ್ತು ಹೇಳುವುದು ಸಾಮಾನ್ಯ ತಿಳಿವಳಿಕೆ, ನಿಮ್ಮ ನಿಮ್ಮ ಪ್ರಕರಣಕ್ಕೆ ವಕೀಲರ ಸಲಹೆ ಬೇಕೇ ಬೇಕು.

ಆ ರಾತ್ರಿ ನಾನು ಮಾಡಿದ ಅನುವಾದ

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿಯಿಂದ ಅಮ್ಮ ವೆಂಟ್‌ವರ್ತ್‌ವಿಲ್‌ನ ನಮ್ಮ ಮನೆಗೆ ಮೂರು ತಿಂಗಳಿಗೆಂದು ಬಂದಿದ್ದರು. ಆಗ ಅವರಿಗೆ 71 ವರ್ಷ. ಬಿಪಿ ಮಾತ್ರೆ ನುಂಗುತ್ತಿದ್ದರು. ಇಲ್ಲಿ ಸಂದರ್ಶಕರ ಆರೋಗ್ಯ ವಿಮೆ ಕೊಳ್ಳುವಾಗ ನಾನು ಅದನ್ನು ಮುಚ್ಚಿಟ್ಟಿರಲಿಲ್ಲ. ಐದನೇ ವಾರ, ಒಂದು ಸಂಜೆ, ಬಚ್ಚಲುಮನೆಯ ಒದ್ದೆ ಟೈಲ್ಸ್ ಮೇಲೆ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಎಮರ್ಜೆನ್ಸಿಯಲ್ಲಿ ನರ್ಸ್ "ಏನಾಯಿತು?" ಎಂದು ಕೇಳಿದರು. ಅಮ್ಮ ನೋವಿನಲ್ಲೇ ಹೇಳಿದ್ದು ಇಷ್ಟು: "ಕಾಲು ಜಾರ್ತು, ಬಿದ್ದೆ, ತಲೆ ಸುತ್ತಿದ ಹಾಗಾಯ್ತು." ನಾನು ಗಾಬರಿಯಲ್ಲಿ, ಅರ್ಧ ಮಾತು ನುಂಗಿಕೊಂಡು, ಇಂಗ್ಲಿಷಿನಲ್ಲಿ ಹೇಳಿದ್ದು: ತಲೆ ಸುತ್ತಿತಂತೆ, ಬಿದ್ದರಂತೆ, ಬಿಪಿ ಇದೆ. ನರ್ಸ್ ಅದನ್ನೇ ಟೈಪ್ ಮಾಡಿದರು. ಆ ಹೊತ್ತಿಗೆ ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಮೂರು ವಾರದ ನಂತರ ವಿಮಾ ಕಂಪನಿಯಿಂದ ಪತ್ರ ಬಂತು. ಮೊದಲೇ ಇದ್ದ ಕಾಯಿಲೆಯಿಂದ ತಲೆ ಸುತ್ತಿ ಬಿದ್ದಿರುವುದಾಗಿ ಆಸ್ಪತ್ರೆಯ ದಾಖಲೆಯಲ್ಲಿದೆ, ಮೊದಲೇ ಇದ್ದ ಕಾಯಿಲೆಗೆ ಮೊದಲ 12 ತಿಂಗಳು ರಕ್ಷಣೆ ಇಲ್ಲ, ಆದ್ದರಿಂದ ಕ್ಲೇಮು ತಿರಸ್ಕೃತ. ಬಿಲ್ಲು 40 ಸಾವಿರ ಡಾಲರ್ ದಾಟಿತ್ತು. ಅಮ್ಮ ಹಾಸಿಗೆಯಲ್ಲೇ "ನನ್ನಿಂದ ನಿಮಗೆ ಎಷ್ಟು ಖರ್ಚು, ನಾನು ಬರಲೇಬಾರದಿತ್ತು" ಎಂದು ಕಣ್ಣೀರು ಹಾಕಿದರು. ದಿನವಿಡೀ ಬೇರೆಯವರ ಕ್ಲೇಮು ಓದುವ ನಾನೇ, ನನ್ನ ಅಮ್ಮನ ಕ್ಲೇಮಿಗೆ ಕಲ್ಲು ಹಾಕಿದ್ದೆ.

ಆ ಕಥೆಯ ಕೊನೆಯನ್ನು ಕೊನೆಗೇ ಹೇಳುತ್ತೇನೆ. ಮೊದಲು ಆ ಪತ್ರದ ಹಿಂದೆ ಏನಿತ್ತು ಎಂದು ನೋಡೋಣ.

ಪಾಲಿಸಿಯ ಮೂರು ಪದರ

ಯಾವ ಪಾಲಿಸಿ ತೆಗೆದುಕೊಂಡರೂ ಅದರಲ್ಲಿ ಮೂರು ಬಗೆಯ ವಾಕ್ಯಗಳಿರುತ್ತವೆ. ಮೊದಲನೆಯದು ಕೊಡುವ ವಾಕ್ಯ: "ಅಪಘಾತದಿಂದ ಆದ ಗಾಯಕ್ಕೆ ಹಣ ಕೊಡುತ್ತೇವೆ." ಎರಡನೆಯದು ಕೊಟ್ಟದ್ದನ್ನು ಕಿತ್ತುಕೊಳ್ಳುವ ವಾಕ್ಯ: "ಆದರೆ ಮೊದಲೇ ಇದ್ದ ಕಾಯಿಲೆಯಿಂದ ಆದದ್ದಕ್ಕೆ ಕೊಡುವುದಿಲ್ಲ." ಇದನ್ನೇ ಎಕ್ಸ್‌ಕ್ಲೂಷನ್ ಎನ್ನುವುದು, ನಾನು ಹೊರತು ಷರತ್ತು ಎನ್ನುತ್ತೇನೆ. ಮೂರನೆಯದು ಹೊರತಿಗೂ ಒಂದು ಹೊರತು: "ನಾವು ಬರಹದಲ್ಲಿ ಒಪ್ಪಿಕೊಂಡ ಕಾಯಿಲೆಗೆ ಈ ಷರತ್ತು ಅನ್ವಯಿಸುವುದಿಲ್ಲ." ನಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನು ಓದಿ ಸಹಿ ಹಾಕುತ್ತೇವೆ, ಎರಡನೆಯದನ್ನು ತಿರಸ್ಕಾರದ ಪತ್ರದಲ್ಲಿ ಓದುತ್ತೇವೆ, ಮೂರನೆಯದನ್ನು ಓದುವುದೇ ಇಲ್ಲ.

ಇಲ್ಲಿ ಎರಡು ನಿಯಮ ಗೊತ್ತಿರಬೇಕು. ಒಂದು, ಗಾಯ ಕೊಡುವ ವಾಕ್ಯದೊಳಗೆ ಬರುತ್ತದೆ ಎಂದು ತೋರಿಸುವ ಹೊಣೆ ನಮ್ಮದು. ಆದರೆ ಹೊರತು ಷರತ್ತು ಅನ್ವಯಿಸುತ್ತದೆ ಎಂದು ತೋರಿಸುವ ಹೊಣೆ ಕಂಪನಿಯದು. ಆಸ್ಟ್ರೇಲಿಯಾದ ನ್ಯಾಯಾಲಯಗಳಲ್ಲಿ ಇದು ನೆಲೆಯಾದ ಮಾತು. ತಿರಸ್ಕಾರದ ಪತ್ರ ಬಂದ ತಕ್ಷಣ ನಾವು ತಪ್ಪಿತಸ್ಥರ ಹಾಗೆ ತಲೆ ತಗ್ಗಿಸುತ್ತೇವೆ. "ಯಾವ ಷರತ್ತು, ಅದಕ್ಕೆ ಪುರಾವೆ ಏನು?" ಎಂದು ಕೇಳುವುದು ನಮ್ಮ ಹಕ್ಕು.

ಎರಡನೆಯ ನಿಯಮ ನಮಗೆ ಅಷ್ಟು ಅನುಕೂಲವಲ್ಲ. 1973ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ವೇಯ್ನ್ ಟ್ಯಾಂಕ್ ಎಂಬ ಕಂಪನಿಯ ಪ್ರಕರಣದಲ್ಲಿ ಹೇಳಿದ ಮಾತು ಇಲ್ಲಿಯೂ ಬಳಕೆಯಲ್ಲಿದೆ. ಒಂದು ನಷ್ಟಕ್ಕೆ ಎರಡು ಸಮಬಲದ ಕಾರಣಗಳಿದ್ದು, ಒಂದಕ್ಕೆ ರಕ್ಷಣೆ ಇದ್ದು, ಇನ್ನೊಂದನ್ನು ಪಾಲಿಸಿ ಸ್ಪಷ್ಟವಾಗಿ ಹೊರಗಿಟ್ಟಿದ್ದರೆ, ಹೊರತು ಷರತ್ತೇ ಗೆಲ್ಲುತ್ತದೆ. ಅಂದರೆ ಒದ್ದೆ ನೆಲವೂ ತಲೆಸುತ್ತೂ ಎರಡೂ ಸೇರಿ ಬೀಳಿಸಿದವು ಎಂದು ತೀರ್ಮಾನವಾದರೆ ಒದ್ದೆ ನೆಲ ನಮ್ಮ ಸಹಾಯಕ್ಕೆ ಬರುವುದಿಲ್ಲ. ಆದ್ದರಿಂದಲೇ ಕಾರಣ ಏನು ಎಂದು ಮೊದಲ ದಿನ ಬರೆಯುವ ಒಂದೇ ಒಂದು ಸಾಲು ಅಷ್ಟು ಮುಖ್ಯ.

ನಮ್ಮ ಸಂಕೋಚವೇ ಸಾಕ್ಷಿಯಾಗುವಾಗ

ಕನ್ನಡಿಗರಾದ ನಮ್ಮದೊಂದು ಸ್ವಭಾವ ಇದೆ. ಪೆಟ್ಟಾದಾಗ "ಏನಿಲ್ಲ ಬಿಡಿ, ಸ್ವಲ್ಪ" ಎನ್ನುತ್ತೇವೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿದರೆ "ಮೊದಲಿಂದಲೂ ಸ್ವಲ್ಪ ಬೆನ್ನು ನೋವಿತ್ತು" ಎನ್ನುತ್ತೇವೆ. ಇನ್ನೊಬ್ಬರು ಬಂದು ಗುದ್ದಿದರೂ "ನಂದೂ ತಪ್ಪಿದೆ" ಎಂದು ಶುರು ಮಾಡುತ್ತೇವೆ. ಊರಿನಲ್ಲಿ ಇದು ಸೌಜನ್ಯ. ಇಲ್ಲಿನ ಜಿಪಿಯ ಕಂಪ್ಯೂಟರಿನಲ್ಲಿ ಅದು ಸಾಕ್ಷಿ. "ಮೊದಲಿಂದಲೂ ಬೆನ್ನು ನೋವಿತ್ತು" ಎಂಬ ಮಾತು ಹತ್ತು ವರ್ಷದ ಹಿಂದೆ ಎರಡು ದಿನ ನೋವಾಗಿತ್ತು ಎಂಬುದೂ ಆಗಿರಬಹುದು, ಪ್ರತಿದಿನದ ನೋವೂ ಆಗಿರಬಹುದು. ಬರೆದುಕೊಳ್ಳುವವರಿಗೆ ಎರಡೂ ಒಂದೇ.

ಸುಳ್ಳು ಹೇಳಿ ಎಂದು ನಾನು ಹೇಳುತ್ತಿಲ್ಲ. ಸುಳ್ಳು ಹೇಳಿದರೆ ಕ್ಲೇಮೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ನಿಜವನ್ನು ಪೂರ್ತಿಯಾಗಿ, ನಡೆದ ಅನುಕ್ರಮದಲ್ಲಿ ಹೇಳಿ ಎನ್ನುತ್ತಿದ್ದೇನೆ. ಎಲ್ಲಿ, ಎಷ್ಟು ಗಂಟೆಗೆ, ಏನು ಮಾಡುತ್ತಿದ್ದೆ, ಮೊದಲು ಏನಾಯಿತು, ಆಮೇಲೆ ಏನಾಯಿತು. ಹಳೆಯ ನೋವಿದ್ದರೆ ಯಾವಾಗ ಬಂದಿತ್ತು, ಯಾವಾಗ ವಾಸಿಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಕ್ಲೇಮಿನ ಕಡತಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಕೆಲಸದಲ್ಲಿ ಆದ ಗಾಯ

ಕೆಲಸದ ಗಾಯಕ್ಕೆ ವರ್ಕರ್ಸ್ ಕಾಂಪೆನ್ಸೇಷನ್ ಇದೆ. ಇಲ್ಲಿ ಯಾವುದಕ್ಕೆ ರಕ್ಷಣೆ, ಯಾವುದು ಹೊರತು ಎಂಬುದನ್ನು ಬರೆದಿರುವುದು ರಾಜ್ಯದ ಕಾನೂನು. ನೀವು ತಾತ್ಕಾಲಿಕ ವೀಸಾದಲ್ಲಿದ್ದರೂ ಈ ರಕ್ಷಣೆ ನಿಮಗಿದೆ. "ವೀಸಾಕ್ಕೆ ತೊಂದರೆಯಾದೀತು" ಎಂದು ಗಾಯವನ್ನು ಬಚ್ಚಿಟ್ಟು, ಡೋಲೋ ಮಾತ್ರೆ ನುಂಗಿ ಶಿಫ್ಟ್ ಮುಗಿಸುವ ಹುಡುಗರನ್ನು ನಾನು ಕಂಡಿದ್ದೇನೆ. ಆರು ತಿಂಗಳ ನಂತರ ಅವರು ಬಂದಾಗ ಕಡತದಲ್ಲಿ ಏನೂ ಇರುವುದಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಸಾಮಾನ್ಯವಾಗಿ ಗಾಯವಾದ 6 ತಿಂಗಳೊಳಗೆ ಕ್ಲೇಮು ಹಾಕಬೇಕು ಎಂಬುದು ನೆನಪಿರಲಿ.

ಸಿಡ್ನಿಯವರು ಗಮನಿಸಬೇಕಾದ ದೊಡ್ಡ ಹೊರತು ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯದು. 2012ರ ಜೂನ್ ತನಕ ಆ ದಾರಿಯಲ್ಲಿ ಆದ ಗಾಯಕ್ಕೂ ಇಲ್ಲಿ ಪರಿಹಾರ ಸಿಗುತ್ತಿತ್ತು. ಆ ವರ್ಷದ ತಿದ್ದುಪಡಿಯ ನಂತರ, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮುಂತಾದ ಕೆಲವರನ್ನು ಬಿಟ್ಟು ಉಳಿದವರು, ಕೆಲಸಕ್ಕೂ ಆ ಅಪಘಾತಕ್ಕೂ ನಿಜವಾದ, ಗಟ್ಟಿಯಾದ ಸಂಬಂಧ ಇದೆ ಎಂದು ತೋರಿಸಬೇಕು. ಸುಮ್ಮನೆ ಕಚೇರಿಗೆ ಹೋಗುತ್ತಿದ್ದೆ ಎಂದರೆ ಸಾಲದು. ಮ್ಯಾನೇಜರ್ ಹೇಳಿ ಸತತ ಎರಡು ಪಾಳಿ ಮಾಡಿಸಿ, ದಣಿದು ಕಾರು ಓಡಿಸುವಾಗ ಅಪಘಾತವಾದರೆ ಮಾತು ಬೇರೆಯಾಗಬಹುದು. ಹಾಗಿದ್ದಾಗ ಆ ಪಾಳಿಯ ವಿವರವೇ ಕ್ಲೇಮಿನ ಜೀವ. ಮಧ್ಯಾಹ್ನದ ವಿರಾಮದಲ್ಲಿ ಊಟ ತರಲು ಹೊರಗೆ ಹೋದಾಗ ಆದ ಗಾಯಕ್ಕೆ ಬೇರೆ ಸೆಕ್ಷನ್ ಇದೆ, ಅದು ಈ ತಿದ್ದುಪಡಿಯಲ್ಲಿ ಹೋಗಿಲ್ಲ.

ನಮ್ಮಲ್ಲಿ ಐಟಿಯವರು ಹೆಚ್ಚು. "ಮನೆಯಿಂದ ಕೆಲಸ ಮಾಡುವಾಗ ಬಿದ್ದರೆ?" ಎಂದು ಕೇಳುತ್ತಾರೆ. 2011ರಲ್ಲಿ ಟೆಲ್‌ಸ್ಟ್ರಾ ಉದ್ಯೋಗಿಯೊಬ್ಬರು ಮನೆಯಿಂದ ಕೆಲಸ ಮಾಡುತ್ತಿದ್ದಾಗ ಮೆಟ್ಟಿಲ ಮೇಲೆ ಬಿದ್ದದ್ದನ್ನು ಕೆಲಸದ ಗಾಯವೆಂದೇ ಒಪ್ಪಲಾಯಿತು. 2024ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಉದ್ಯೋಗ ನ್ಯಾಯಮಂಡಳಿ, ಕಾಫಿ ವಿರಾಮಕ್ಕೆಂದು ಎದ್ದು ನಾಯಿಮರಿಗೆ ಕಟ್ಟಿದ್ದ ಬೇಲಿಗೆ ಎಡವಿ ಬಿದ್ದ ಮಹಿಳೆಯ ಪರವಾಗಿ ತೀರ್ಪು ಕೊಟ್ಟಿತು. ಪ್ರತಿ ರಾಜ್ಯದ ಕಾನೂನು ಬೇರೆ, ಆದ್ದರಿಂದ ಇದು ನಮಗೆ ಗ್ಯಾರಂಟಿ ಅಲ್ಲ. ಆದರೆ "ಮನೇಲಿ ಬಿದ್ದದ್ದು, ಇದಕ್ಕೆಲ್ಲಿ ಕೊಡ್ತಾರೆ" ಎಂದು ನಾವೇ ಮೊದಲು ತಿರಸ್ಕರಿಸಿಕೊಳ್ಳಬಾರದು.

ಮನಸ್ಸಿನ ಗಾಯದ ಹೊರತುಗಳು ಇನ್ನೂ ಬಿಗಿ. ನ್ಯೂ ಸೌತ್ ವೇಲ್ಸ್ ಕಾನೂನಿನಲ್ಲಿ ವರ್ಗಾವಣೆ, ಬಡ್ತಿ, ಶಿಸ್ತು ಕ್ರಮ, ಕೆಲಸದ ಮೌಲ್ಯಮಾಪನ ಮುಂತಾದವನ್ನು ಮಾಲೀಕರು ಸಮಂಜಸವಾಗಿ ನಡೆಸಿದ್ದರಿಂದ ಉಂಟಾದ ಮಾನಸಿಕ ಗಾಯಕ್ಕೆ ಪರಿಹಾರ ಇಲ್ಲ. ಇಲ್ಲಿ ಜಗಳ ಇರುವುದು "ಸಮಂಜಸ" ಎಂಬ ಪದದ ಮೇಲೆ, ಅದನ್ನು ತೋರಿಸಬೇಕಾದವರು ಮಾಲೀಕರು. ವಿಕ್ಟೋರಿಯಾದಲ್ಲಿ 2024ರ ಮಾರ್ಚ್ 31ರಿಂದ ಬಂದ ಬದಲಾವಣೆಯ ಪ್ರಕಾರ ಮಾನಸಿಕ ಗಾಯಕ್ಕೆ ಕೆಲಸವೇ ಪ್ರಧಾನ ಕಾರಣವಾಗಿರಬೇಕು. ಆ ಕೆಲಸದಲ್ಲಿ ಸಹಜವಾದ ಒತ್ತಡ, ಬರ್ನ್‌ಔಟ್ ಸಾಮಾನ್ಯವಾಗಿ ಹೊರಗೆ. ಮೆಲ್ಬರ್ನ್ ಗೆಳೆಯರೇ, "ಸ್ಟ್ರೆಸ್" ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸಬೇಡಿ. ಬೈಗುಳ, ಬೆದರಿಕೆ, ಕಿರುಕುಳ ಆಗಿದ್ದರೆ ಅದನ್ನು ಅದರ ಹೆಸರಿನಿಂದಲೇ, ದಿನಾಂಕದೊಂದಿಗೆ ವೈದ್ಯರಿಗೆ ಹೇಳಿ.

ರಾತ್ರಿ ಊಟದ ಡೆಲಿವರಿ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ನೌಕರರೋ ಗುತ್ತಿಗೆದಾರರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2020ರಲ್ಲಿ ಸಿಡ್ನಿಯಲ್ಲಿ ಹಂಗ್ರಿ ಪಾಂಡಾ ಆ್ಯಪ್‌ಗೆ ದುಡಿಯುತ್ತಿದ್ದ ಸವಾರರೊಬ್ಬರು ಅಪಘಾತದಲ್ಲಿ ತೀರಿಕೊಂಡರು. 2022ರಲ್ಲಿ ಪರ್ಸನಲ್ ಇಂಜುರಿ ಕಮಿಷನ್ ಮುಂದೆ ಅವರನ್ನು ನೌಕರರೆಂದು ಪರಿಗಣಿಸಿದ್ದರಿಂದ ಕುಟುಂಬಕ್ಕೆ 8 ಲಕ್ಷ 30 ಸಾವಿರ ಡಾಲರ್‌ಗೂ ಹೆಚ್ಚು ಪರಿಹಾರ ಸಿಕ್ಕಿತು. ಕಾಗದದ ಮೇಲೆ "ಗುತ್ತಿಗೆದಾರ" ಎಂದು ಬರೆದಿದ್ದ ಮಾತ್ರಕ್ಕೆ ಬಾಗಿಲು ಮುಚ್ಚಿತು ಎಂದುಕೊಳ್ಳಬೇಡಿ. ಇನ್ನೊಂದು, ನಿಮ್ಮ ಸ್ವಂತ ಕಾರಿನ ಕಾಂಪ್ರಹೆನ್ಸಿವ್ ಪಾಲಿಸಿ ಓದಿ. ಬಾಡಿಗೆಗೆ, ಡೆಲಿವರಿಗೆ ಬಳಸಿದರೆ ರಕ್ಷಣೆ ಇಲ್ಲ ಎಂಬ ಷರತ್ತು ಬಹಳ ಪಾಲಿಸಿಗಳಲ್ಲಿದೆ. ಮೊದಲೇ ತಿಳಿಸಿ, ಬೇಕಾದರೆ ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿ.

ಎರಡು ಊರು, ಎರಡು ರಸ್ತೆ

ರಸ್ತೆ ಅಪಘಾತದ ಗಾಯದಲ್ಲಿ ಸಿಡ್ನಿಗೂ ಮೆಲ್ಬರ್ನ್‌ಗೂ ದೊಡ್ಡ ವ್ಯತ್ಯಾಸ. ವಿಕ್ಟೋರಿಯಾದಲ್ಲಿ 1987ರಿಂದ ಟಿಎಸಿ ಇದೆ. ತಪ್ಪು ಯಾರದಾದರೂ ಕಾರು, ಬೈಕು, ಬಸ್ಸು, ಟ್ರಾಮ್, ರೈಲಿನ ಅಪಘಾತದಲ್ಲಿ ಗಾಯವಾದರೆ ಚಿಕಿತ್ಸೆಯ ವೆಚ್ಚ ಅದರದು. ಮೆಲ್ಬರ್ನ್‌ನಲ್ಲಿ ಕೆಲಸಕ್ಕೆ ಹೋಗುವ ದಾರಿಯ ವಾಹನ ಅಪಘಾತವನ್ನೂ ವರ್ಕ್‌ಕವರ್ ಅಲ್ಲ, ಟಿಎಸಿ ನೋಡಿಕೊಳ್ಳುತ್ತದೆ.

ನ್ಯೂ ಸೌತ್ ವೇಲ್ಸ್‌ನಲ್ಲಿ ನಾವು ಗ್ರೀನ್ ಸ್ಲಿಪ್ ಎನ್ನುವ ಸಿಟಿಪಿ ವಿಮೆ. 2023ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ ತಪ್ಪು ಯಾರದಾದರೂ ಸಾಮಾನ್ಯವಾಗಿ 52 ವಾರ ಸೌಲಭ್ಯ ಸಿಗುತ್ತದೆ. ಆಮೇಲೆ ಎರಡು ಗೋಡೆ: ತಪ್ಪು ಪೂರ್ತಿ ಅಥವಾ ಹೆಚ್ಚಿನ ಪಾಲು ನಿಮ್ಮದಾದರೆ, ಅಥವಾ ನಿಮ್ಮದು ಬರೀ "ಥ್ರೆಶೋಲ್ಡ್ ಇಂಜುರಿ" ಆದರೆ, ಅಲ್ಲಿಗೆ ನಿಲ್ಲುತ್ತದೆ. ಕತ್ತು ಉಳುಕು, ಸ್ನಾಯು ಎಳೆತದಂಥ ಮೃದು ಅಂಗಾಂಶದ ಗಾಯಗಳು ಈ ಗುಂಪಿಗೆ ಸೇರುತ್ತವೆ. ಆದ್ದರಿಂದ ನರಕ್ಕೆ ಪೆಟ್ಟಾಗಿದೆಯೇ, ಮೂಳೆ ಬಿರುಕು ಬಿಟ್ಟಿದೆಯೇ ಎಂದು ಮೊದಲ ವಾರಗಳಲ್ಲೇ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ. ಅಪಘಾತವಾದ 28 ದಿನದೊಳಗೆ ಅರ್ಜಿ ಹಾಕಿದರೆ ವಾರದ ಹಣ ಅಪಘಾತದ ದಿನದಿಂದಲೇ ಲೆಕ್ಕ. ಸಾಮಾನ್ಯ ಗಡುವು 3 ತಿಂಗಳು.

ಎರಡೂ ಊರಿನಲ್ಲಿ ಒಂದು ಕಂದಕ ಇದೆ. ಕೆಲಸಕ್ಕೆ ಹೋಗುವಾಗ ರೈಲು ನಿಲ್ದಾಣದ ಮೆಟ್ಟಿಲಲ್ಲಿ ಸುಮ್ಮನೆ ಜಾರಿ ಬಿದ್ದರೆ, ಅದು ವಾಹನ ಅಪಘಾತವಲ್ಲ, ಸಾಮಾನ್ಯವಾಗಿ ಕೆಲಸದ ಗಾಯವೂ ಅಲ್ಲ. ಇಂಥ ಹೊತ್ತಿನಲ್ಲಿ ಉಳಿಯುವುದು ನಿಮ್ಮ ರಜೆ, ಆರೋಗ್ಯ ವಿಮೆ, ಜಾಗದ ಒಡೆಯರ ನಿರ್ಲಕ್ಷ್ಯ ಇದ್ದರೆ ಅವರ ಮೇಲಿನ ಕ್ಲೇಮು, ಮತ್ತು ನಾವು ಯಾರೂ ತೆರೆದು ನೋಡದ ಸೂಪರ್ ಖಾತೆಯೊಳಗಿನ ವಿಮೆ.

ಸೂಪರ್‌ನೊಳಗಿನ ವಿಮೆ

ಸೂಪರ್ ಖಾತೆಯಲ್ಲಿ ಎಷ್ಟೋ ಸಲ ಶಾಶ್ವತ ಅಂಗವೈಕಲ್ಯದ ವಿಮೆ, ಅಂದರೆ ಟಿಪಿಡಿ, ಸೇರಿರುತ್ತದೆ. ಆದರೆ 2019ರ ಜುಲೈ 1ರಿಂದ, 16 ತಿಂಗಳು ಹಣ ಜಮೆಯಾಗದ ಖಾತೆಯ ವಿಮೆಯನ್ನು, ನೀವು ಬೇಕೆಂದು ಬರೆದು ಕೊಡದಿದ್ದರೆ, ನಿಲ್ಲಿಸಲಾಗುತ್ತದೆ. 2020ರ ಏಪ್ರಿಲ್ 1ರಿಂದ 25 ವರ್ಷದೊಳಗಿನ ಹೊಸ ಸದಸ್ಯರಿಗೆ, 6,000 ಡಾಲರ್‌ಗಿಂತ ಕಡಿಮೆ ಇರುವ ಹೊಸ ಖಾತೆಗಳಿಗೆ, ಸಾಮಾನ್ಯವಾಗಿ ವಿಮೆ ತಾನಾಗಿ ಬರುವುದಿಲ್ಲ. ಊರಿಗೆ ಹೋಗಿ ಎರಡು ವರ್ಷ ಇದ್ದು ಬಂದವರು, ಕೆಲಸ ಬದಲಿಸಿ ಹಳೆಯ ಖಾತೆ ಮರೆತವರು, ವಿಮೆ ಇದೆ ಎಂದೇ ನಂಬಿಕೊಂಡಿರುತ್ತಾರೆ.

ಇದ್ದರೂ "ಅಂಗವೈಕಲ್ಯ" ಎಂಬ ಪದದ ವ್ಯಾಖ್ಯೆ ನೋಡಿ. ಕೆಲವು ಪಾಲಿಸಿಗಳಲ್ಲಿ, ಕಡಿಮೆ ಗಂಟೆ ಕೆಲಸ ಮಾಡುವವರು ಅಥವಾ ಕೆಲಸ ಬಿಟ್ಟವರು ತಾವಾಗಿ ಉಣ್ಣಲಾರೆವು, ಬಟ್ಟೆ ಹಾಕಿಕೊಳ್ಳಲಾರೆವು ಎಂದು ತೋರಿಸಬೇಕಾಗುತ್ತದೆ. ಈ ಬಗೆಯ ಪರೀಕ್ಷೆಯಲ್ಲಿ ಐದರಲ್ಲಿ ಮೂರು ಕ್ಲೇಮುಗಳು ತಿರಸ್ಕೃತವಾಗುತ್ತಿವೆ ಎಂದು ನಿಯಂತ್ರಕ ಸಂಸ್ಥೆಯಾದ ಆಸಿಕ್ 2019ರ ವರದಿಯಲ್ಲಿ ಹೇಳಿತು. ವ್ಯಾಖ್ಯೆಯೂ ಒಂದು ಬಗೆಯ ಹೊರತೇ. ಅದಕ್ಕೆ ಆ ಹೆಸರಿಲ್ಲ, ಅಷ್ಟೇ.

ಕಾನೂನು ನಮ್ಮ ಕಡೆ ನಿಲ್ಲುವ ಕಡೆಗಳು

ಇಷ್ಟು ಹೊತ್ತು ಗೋಡೆಗಳನ್ನೇ ತೋರಿಸಿದೆ. ಬಾಗಿಲುಗಳೂ ಇವೆ. ನೀವಾಗಿ ಕೊಂಡ ಹೆಚ್ಚಿನ ಪಾಲಿಸಿಗಳಿಗೆ 1984ರ ಇನ್ಶೂರೆನ್ಸ್ ಕಾಂಟ್ರಾಕ್ಟ್ಸ್ ಆಕ್ಟ್ ಅನ್ವಯಿಸುತ್ತದೆ. ಅದರ ಸೆಕ್ಷನ್ 54 ಹೇಳುವುದು: ಪಾಲಿಸಿ ಕೊಂಡ ಮೇಲೆ ನೀವು ಮಾಡಿದ ತಪ್ಪಿಗೂ ನಷ್ಟಕ್ಕೂ ಸಂಬಂಧವೇ ಇಲ್ಲದಿದ್ದರೆ, ಆ ತಪ್ಪನ್ನೇ ಹಿಡಿದು ಕ್ಲೇಮನ್ನು ಪೂರ್ತಿ ತಿರಸ್ಕರಿಸುವಂತಿಲ್ಲ, ಕಂಪನಿಗೆ ಆದ ತೊಂದರೆಯಷ್ಟು ಮಾತ್ರ ಕಡಿತ ಮಾಡಬಹುದು. ಹೈವೇ ಹಾಲಿಯರ್ಸ್ ಎಂಬ ಲಾರಿ ಸಂಸ್ಥೆಯ ಎರಡು ಲಾರಿಗಳು 2004 ಮತ್ತು 2005ರಲ್ಲಿ ಅಪಘಾತಕ್ಕೀಡಾದವು. ಚಾಲಕರು ಪಾಲಿಸಿ ಕೇಳಿದ್ದ ಒಂದು ಪರೀಕ್ಷೆ ಪಾಸು ಮಾಡಿರಲಿಲ್ಲ. ಅಪಘಾತಕ್ಕೆ ಅದು ಕಾರಣವಲ್ಲ ಎಂಬುದನ್ನು ವಿಮಾದಾರರೂ ಒಪ್ಪಿದ್ದರು, ಆದರೂ ಹಣ ಕೊಡಲಿಲ್ಲ. 2014ರಲ್ಲಿ ಹೈಕೋರ್ಟ್ ಆಫ್ ಆಸ್ಟ್ರೇಲಿಯಾ ಒಮ್ಮತದಿಂದ ಲಾರಿ ಸಂಸ್ಥೆಯ ಪರ ನಿಂತಿತು. ಅದು ವಾಹನದ ನಷ್ಟದ ಪ್ರಕರಣ, ಆದರೆ ಆ ಸೆಕ್ಷನ್ ಗಾಯದ ಕ್ಲೇಮಿಗೂ ಇದೆ.

ಸೆಕ್ಷನ್ 47 ಮೊದಲೇ ಇದ್ದ ಕಾಯಿಲೆಯದು. ಪಾಲಿಸಿ ಕೊಳ್ಳುವಾಗ ಆ ಕಾಯಿಲೆ ನಿಮಗೆ ಗೊತ್ತಿರಲಿಲ್ಲ, ನಿಮ್ಮ ಸ್ಥಿತಿಯಲ್ಲಿದ್ದ ಸಾಮಾನ್ಯ ಮನುಷ್ಯನಿಗೂ ಗೊತ್ತಿರಲು ಸಾಧ್ಯವಿರಲಿಲ್ಲ ಎಂದಾದರೆ, ಆ ಹೊರತನ್ನು ಬಳಸುವಂತಿಲ್ಲ. 2021ರ ಏಪ್ರಿಲ್ 5ರಿಂದ ಅನ್ಯಾಯದ ಷರತ್ತುಗಳ ವಿರುದ್ಧದ ಕಾನೂನು ವಿಮೆಗೂ ಬಂದಿದೆ. ಅದೇ ವರ್ಷದ ಅಕ್ಟೋಬರ್ 5ರಿಂದ, ಗ್ರಾಹಕರ ಕರ್ತವ್ಯ ಎಂದರೆ ಎಚ್ಚರದಿಂದ, ತಪ್ಪು ಮಾಹಿತಿ ಕೊಡದಂತೆ ಉತ್ತರಿಸುವುದು. ಕಂಪನಿ ಕೇಳದ್ದನ್ನೆಲ್ಲ ಊಹಿಸಿ ಹೇಳುವ ಹೊರೆ ಈಗಿಲ್ಲ.

ಅಪ್ಪ ಅಮ್ಮಂದಿರಿಗೆ ಊರಿನಿಂದಲೇ ಪ್ರವಾಸ ವಿಮೆ ಮಾಡಿಸಿ ಕರೆತರುವವರು ಇಲ್ಲಿ ಬಹಳ ಜನ ಇದ್ದೀರಿ. ಆ ಪಾಲಿಸಿಗೆ ಭಾರತದ ಕಾನೂನು. 2009ರಲ್ಲಿ ಇಂಥದೇ ಪಾಲಿಸಿ ಕೊಂಡು ಅಮೆರಿಕಕ್ಕೆ ಹೋದ ಒಬ್ಬರಿಗೆ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲೇ ಹೃದಯಾಘಾತವಾಯಿತು, ಮೂರು ಸ್ಟೆಂಟ್ ಹಾಕಿದರು. ಸಕ್ಕರೆ ಕಾಯಿಲೆ ಇದೆ ಎಂದು ಅವರು ಮೊದಲೇ ಹೇಳಿದ್ದರು. ಕಂಪನಿ, ಮೊದಲೇ ಇದ್ದ ಕಾಯಿಲೆ ಎಂದು ಕೈಯೆತ್ತಿತು. ಭಾರತದ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 6ರಂದು ಅವರ ಪರ ತೀರ್ಪು ಕೊಟ್ಟಿತು. ಆರೋಗ್ಯ ಪರಿಶೀಲಿಸಿ ಪಾಲಿಸಿ ಕೊಟ್ಟ ಮೇಲೆ, ಹೇಳಿದ್ದ ಕಾಯಿಲೆಯನ್ನೇ ನೆಪ ಮಾಡಿ ತಿರಸ್ಕರಿಸುವಂತಿಲ್ಲ ಎಂಬುದು ಅದರ ಸಾರ. ಆ ತೀರ್ಪು ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು. ಸಕ್ಕರೆ, ಬಿಪಿ ಬರೆದರೆ ಪ್ರೀಮಿಯಂ ಜಾಸ್ತಿ ಎಂದು ಏಜೆಂಟರ ಮಾತು ಕೇಳಿ ಬಿಟ್ಟುಬಿಡುತ್ತೇವಲ್ಲ, ಆ ಪ್ರಕರಣದಲ್ಲಿ ಅವರನ್ನು ಉಳಿಸಿದ್ದು ಬರೆದದ್ದೇ. ಆಸ್ಟ್ರೇಲಿಯಾಕ್ಕೆ 11 ದೇಶಗಳೊಂದಿಗೆ ಪರಸ್ಪರ ಆರೋಗ್ಯ ಒಪ್ಪಂದ ಇದೆ, ಭಾರತ ಆ ಪಟ್ಟಿಯಲ್ಲಿಲ್ಲ. ಸಂದರ್ಶಕರಾಗಿ ಬಂದ ನಮ್ಮ ಹಿರಿಯರಿಗೆ ಮೆಡಿಕೇರ್ ಇಲ್ಲ.

ತಿರಸ್ಕಾರದ ಪತ್ರ ಬಂದರೆ

ಫೋನಿನಲ್ಲಿ ಜಗಳ ಬೇಡ. ಮೊದಲು ಬರಹದಲ್ಲಿ ಕೇಳಿ: ಯಾವ ಷರತ್ತು, ಯಾವ ಪುಟ, ಯಾವ ದಾಖಲೆಯ ಆಧಾರ? ಆ ದಾಖಲೆಯ ಪ್ರತಿ ತರಿಸಿಕೊಳ್ಳಿ. ಆಂಬುಲೆನ್ಸ್ ಹಾಳೆ, ಎಮರ್ಜೆನ್ಸಿ ಟಿಪ್ಪಣಿ, ಜಿಪಿಯ ಟಿಪ್ಪಣಿ ಮೂರನ್ನೂ ಪಕ್ಕದಲ್ಲಿಟ್ಟು ಓದಿ. ಎಷ್ಟೋ ಸಲ ಮೂರರಲ್ಲಿ ಮೂರು ಕಥೆ ಇರುತ್ತದೆ.

ಆಮೇಲೆ ಕಂಪನಿಗೇ ದೂರು ಕೊಡಿ. ಸಾಮಾನ್ಯವಾಗಿ ಅವರು 30 ದಿನದೊಳಗೆ ಉತ್ತರ ಕೊಡಬೇಕು. ಅಲ್ಲಿ ಆಗದಿದ್ದರೆ ಯಾವ ಬಾಗಿಲು ಎಂಬುದು ವಿಮೆಯ ಬಗೆಯ ಮೇಲೆ. ಕಾರು, ಮನೆ, ಪ್ರವಾಸ, ಜೀವ ವಿಮೆ ಮತ್ತು ಸೂಪರ್ ಆದರೆ ಆಫ್ಕಾ, ಅಂದರೆ ಆಸ್ಟ್ರೇಲಿಯನ್ ಫೈನಾನ್ಷಿಯಲ್ ಕಂಪ್ಲೇಂಟ್ಸ್ ಅಥಾರಿಟಿ; ಖರ್ಚಿಲ್ಲ, ಫೋನ್ 1800 931 678. ಸಂದರ್ಶಕರ, ವಿದ್ಯಾರ್ಥಿಗಳ ಆರೋಗ್ಯ ವಿಮೆ ಆದರೆ ಕಾಮನ್‌ವೆಲ್ತ್ ಒಂಬುಡ್ಸ್‌ಮನ್ ಕಚೇರಿಯ ಖಾಸಗಿ ಆರೋಗ್ಯ ವಿಮೆ ವಿಭಾಗ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೆಲಸದ ಗಾಯಕ್ಕೆ ಇಂಡಿಪೆಂಡೆಂಟ್ ರಿವ್ಯೂ ಆಫೀಸ್ ಇದೆ, ಅರ್ಹ ಕಾರ್ಮಿಕರ ವಕೀಲರ ಶುಲ್ಕವನ್ನು ಅದೇ ಭರಿಸುತ್ತದೆ. ವಿವಾದ ತೀರ್ಮಾನಿಸುವುದು 2021ರ ಮಾರ್ಚ್ 1ರಿಂದ ಇರುವ ಪರ್ಸನಲ್ ಇಂಜುರಿ ಕಮಿಷನ್. ಭಾರತದ ಪಾಲಿಸಿಗೆ ಅಲ್ಲಿನ ವಿಮಾ ಒಂಬುಡ್ಸ್‌ಮನ್. ಪ್ರತಿಯೊಂದಕ್ಕೂ ಗಡುವು ಇದೆ, ತಡ ಮಾಡಬೇಡಿ.

ಮತ್ತೆ ಆ ರಾತ್ರಿಗೆ

ಅಮ್ಮನ ವಿಷಯಕ್ಕೆ ಬರುತ್ತೇನೆ. ಆಂಬುಲೆನ್ಸ್ ಹಾಳೆ ತರಿಸಿದೆ. ಮನೆಗೆ ಬಂದ ಪ್ಯಾರಾಮೆಡಿಕ್ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಬರೆದಿದ್ದರು: ನೆಲ ಒದ್ದೆ, ಜಾರಿ ಬಿದ್ದಿದ್ದಾರೆ. ಬಿಪಿ ನೋಡಿದ ಸಂಖ್ಯೆಯೂ ಸರಿಯಾಗಿತ್ತು. ಆಸ್ಪತ್ರೆಯಲ್ಲಿ ಅಧಿಕೃತ ಕನ್ನಡ ದುಭಾಷಿಯನ್ನು ಕೇಳಿದೆ, ಫೋನಿನಲ್ಲಿ ಸಿಕ್ಕರು. ಅಮ್ಮ ಅದೇ ಮಾತನ್ನು ನಿಧಾನವಾಗಿ ಮತ್ತೆ ಹೇಳಿದರು, ಕಾಲು ಜಾರಿತು, ಬಿದ್ದೆ, ಆಮೇಲೆ ತಲೆ ಸುತ್ತಿತು. ವೈದ್ಯರು ಆ ವಿವರವನ್ನು ದಾಖಲೆಗೆ ಸೇರಿಸಿದರು. ಮೊದಲ ರಾತ್ರಿ ಅನುವಾದ ಮಾಡಿದ್ದು ನಾನೇ, ತಪ್ಪು ನನ್ನದು ಎಂದು ನಾನೂ ಸಹಿ ಮಾಡಿ ಬರೆದುಕೊಟ್ಟೆ. ಆರು ವಾರದ ನಂತರ ಕಂಪನಿ ತೀರ್ಮಾನ ಬದಲಿಸಿತು.

ಹಣ ಬಂತು. ಆದರೆ ಆ ಆರು ವಾರ ಅಮ್ಮ ಪ್ರತಿ ಊಟಕ್ಕೂ ಲೆಕ್ಕ ಹಾಕುತ್ತ ಕೂತದ್ದು ನನಗೆ ಮರೆಯಲಾಗದು. ವಾಕರ್ ಹಿಡಿದು ಮೊದಲ ಸಲ ಅಂಗಳಕ್ಕೆ ಬಂದ ದಿನ ಅವರು ಹೇಳಿದ್ದು, "ನಾನು ಹೇಳಿದ್ದು ಸರಿಯಾಗೇ ಇತ್ತಲ್ವಾ, ನೀನು ಕೇಳಿಸ್ಕೊಳ್ಳಲಿಲ್ಲ ಅಷ್ಟೆ."

ಅದೇ ನನ್ನ ಇವತ್ತಿನ ಮಾತು. ಆಸ್ಪತ್ರೆಯಲ್ಲಿ ಮಗ, ಮಗಳು, ಮೊಮ್ಮಕ್ಕಳು ಅನುವಾದ ಮಾಡಬೇಡಿ, ದುಭಾಷಿಯನ್ನು ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ದುಡ್ಡಿಲ್ಲ. ಮಾಡಲೇಬೇಕಾದರೆ ಕಿವಿಗೊಟ್ಟು ಕೇಳಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಮತ್ತೊಮ್ಮೆ ಕೇಳಿ, ಆಮೇಲೆ ಹೇಳಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಸೂಪರ್ ಖಾತೆಯನ್ನೂ ಕಾರಿನ ಪಾಲಿಸಿಯನ್ನೂ ತೆರೆದು, "ಕೊಡುವುದಿಲ್ಲ" ಎಂಬ ಪುಟವನ್ನು ಒಂದು ಸಲ ಓದಿ. ಅರ್ಧ ಗಂಟೆಯ ಕೆಲಸ.

ಊಟಕ್ಕೆ ಹೊತ್ತಾಯಿತು. ಹೊರಗೆ ಮಳೆ ಬಂದು ಮೆಟ್ಟಿಲು ಒದ್ದೆಯಾಗಿದೆಯಂತೆ, ನಿಧಾನವಾಗಿ ಇಳಿಯಿರಿ.